ಕೈಯಲ್ಲೇ ಎಳೆಯೋ ಶಾವಿಗೆ: ಉಯ್ಘರ್ ಹೋಟೆಲಿಗೆ ಹೋದರೆ ಏನು ತಿನ್ನಬೇಕು?

ಬೆಳಗೋಡಿನ ಕಡೆ ಒತ್ತು ಶಾವಿಗೆ ಅಂದ್ರೆ ಅಕ್ಕಿಹಿಟ್ಟು, ಶಾವಿಗೆ ಒರಳು, ಜೊತೆಗೆ ಬೆಲ್ಲದ ಕಾಯಿಹಾಲು. ಒರಳೇ ಇಲ್ಲದೆ, ಬರಿಗೈಯಲ್ಲಿ ಶಾವಿಗೆ ಎಳೆಯೋರನ್ನ ನೋಡಿದೀರಾ?

ಇವರು ಉಯ್ಘರರು. ಚೀನಾದ ಷಿನ್‌ಜಿಯಾಂಗ್ ಸ್ವಾಯತ್ತ ಪ್ರದೇಶದ ಮುಸ್ಲಿಮರು. ಇಸ್ತಾಂಬುಲ್, ಅಲ್ಮಾಟಿಯಲ್ಲೂ ಇವರ ಹೋಟೆಲುಗಳಿವೆ.

ಮೊದಲು ಆರ್ಡರ್ ಮಾಡಬೇಕಾದ್ದು ಲಗ್ಮನ್. ಗೋಧಿಹಿಟ್ಟನ್ನ ಉಪ್ಪುನೀರಲ್ಲಿ ನಾದಿ, ಎಣ್ಣೆ ಸವರಿ, ನೆನೆಯೋಕೆ ಬಿಡ್ತಾರೆ. ಹಿಟ್ಟು ಹದಕ್ಕೆ ಬಂದ್ಮೇಲೆ ಹರಿಯದಂತೆ ಉದ್ದಕ್ಕೆ ಎಳೀತಾರೆ. ಬೇಯಿಸಿ, ಮೇಲೆ ಕುರಿಮಾಂಸ, ದೊಣ್ಣೆಮೆಣಸು, ಟೊಮೆಟೊ ಹುರಿದು ಸುರೀತಾರೆ.

ನಾಲ್ಕೈದು ಜನ ಇದ್ರೆ ದಾಪಾನ್‌ಜಿ ಹೇಳಿ. ದೊಡ್ಡ ತಟ್ಟೆ ತುಂಬ ಕೋಳಿ, ಆಲೂಗಡ್ಡೆ, ಒಣಮೆಣಸು, ಅಡಿಯಲ್ಲಿ ಅಗಲ ಪಟ್ಟಿಯ ನೂಡಲ್ಸ್. ತಿಂದಾಗ ನಾಲಿಗೆ ಜುಮ್ ಅನ್ನೋದು ಸಿಚುವಾನ್ ಮೆಣಸಿನಿಂದ. ನಮ್ಮ ಪಶ್ಚಿಮಘಟ್ಟದ ಜುಮ್ಮನಕಾಯಿ ಅದೇ ಕುಲದ ಗಿಡ!

ಆದ್ರೆ ಇಲ್ಲಿ ಹಂದಿಮಾಂಸ ಮಾತ್ರ ಕೇಳ್ಬೇಡಿ, ಊಟ ಹಲಾಲ್.

ಅಷ್ಟು ದೂರ ಹೋಗೋದು ಯಾರು ಅಂತೀರಾ? ಶನಿವಾರಸಂತೆ, ಸೋಮವಾರಪೇಟೆ, ಕುಶಾಲನಗರ ದಾಟಿ ಬೈಲಕುಪ್ಪೆಗೆ ಹೋಗಿ. 1961ರಲ್ಲಿ ಶುರುವಾದ ಟಿಬೆಟನ್ ನೆಲೆ ಅದು. ಅಡುಗೆ ಬೇರೆ, ಆದ್ರೆ ಹಿಟ್ಟು ಎಳೆಯೋ ಕೈಚಳಕ ಅಲ್ಲೂ ಇದೆ. ಅಲ್ಲಿ ತೆಂತುಕ್ ಕೇಳಿ. ಎಳೆದ ಹಿಟ್ಟನ್ನ ಚೂರುಚೂರಾಗಿ ಕಿತ್ತು ಕುದಿಯೋ ಸೂಪಿಗೇ ಹಾಕ್ತಾರೆ. ಖಾರ ಬೇಕಂದ್ರೆ ಮೆಣಸಿನ ಚಟ್ನಿ ಪಕ್ಕದಲ್ಲೇ ಇರುತ್ತೆ.

ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಹೊರಡಿ. ಜೊತೆಗೆ ಯಾರು ಬರ್ತಾರೋ, ಅವರಿಗೆ ಈ ರೀಲ್ ಈಗ್ಲೇ ಕಳಿಸಿ.