ಕಾಗದ ಬಂತೇನಪಾ?

ಇವತ್ತಿಗೆ ಹನ್ನೊಂದು ದಿನ. ಖರಾಡಿಯ ಕಂಪನಿಯೊಂದರ ಎಚ್‌ಆರ್ ಫೋನ್ ಮಾಡಿ, ‘ನೀವು ಸೆಲೆಕ್ಟ್ ಆಗಿದ್ದೀರಿ ಸರ್, ಎರಡು ದಿನದಲ್ಲಿ ಲೆಟರ್ ಕಳಿಸ್ತೀವಿ’ ಎಂದಾಗ ನಾನು ಮಾರ್ಕೆಟ್ ಯಾರ್ಡ್‌ನಲ್ಲಿ ಈರುಳ್ಳಿ ಚೀಲ ಹಿಡಿದು ನಿಂತಿದ್ದೆ. ಹುದ್ದೆ, ಸಂಬಳ ಎಲ್ಲ ಅಲ್ಲೇ ಬಾಯಿಮಾತಿನಲ್ಲಿ ಮುಗಿದವು. ಬಿಬವೇವಾಡಿಯ ಮನೆ ಸೇರಿದವನೇ ಬೆಳಗಾವಿ ಹತ್ತಿರದ ನಮ್ಮೂರಿಗೆ ಫೋನ್ ಹಚ್ಚಿ ಅವ್ವನಿಗೆ ಹೇಳಿಬಿಟ್ಟೆ. ಹೇಳಬಾರದಿತ್ತು. ಅಂದಿನಿಂದ ದಿನಾ ಸಂಜೆ ಒಂದೇ ಪ್ರಶ್ನೆ: ‘ಕಾಗದ ಬಂತೇನಪಾ?’

ನನ್ನ ಈಗಿನ ಆಫೀಸು ಹಿಂಜವಡಿಯಲ್ಲಿದೆ. ಬಿಬವೇವಾಡಿ ಊರಿನ ದಕ್ಷಿಣದ ತುದಿಗೆ, ಅದು ಪಶ್ಚಿಮದ ತುದಿಗೆ. ಮಳೆ ಬಂದ ದಿನ ಒಂದು ಕಡೆಗೇ ಎರಡು ತಾಸು. ಮಗಳು ಏಳುವ ಮೊದಲು ಮನೆ ಬಿಟ್ಟು, ಮಲಗಿದ ಮೇಲೆ ಬರುವ ಬದುಕು ಸಾಕಾಗಿಯೇ ಹೊಸ ಕೆಲಸ ಹುಡುಕಲು ಹೊರಟಿದ್ದು. ಖರಾಡಿಯದು ಬಾಯಲ್ಲಿ ಪಕ್ಕಾ ಆಗುವ ಹೊತ್ತಿಗೆ ಬೆಂಗಳೂರಿನ ಇನ್ನೊಂದು ಕಂಪನಿಯ ಮೊದಲ ಸುತ್ತು ಮುಗಿದಿತ್ತು, ಎರಡನೆಯದಕ್ಕೆ ದಿನ ಗೊತ್ತಾಗಿತ್ತು. ಅದನ್ನು ರದ್ದು ಮಾಡಬೇಕೋ, ಹೋಗಬೇಕೋ?

ಹುಬ್ಬಳ್ಳಿಯ ಗೆಳೆಯನೊಬ್ಬ ಇಲ್ಲೇ ಕಾತ್ರಜ್‌ನಲ್ಲಿದ್ದಾನೆ. ‘ಒಂದು ಮನಿಯೊಳಗ ಹುಡುಗಿ ಒಪ್ಪಿ ಬಂದು, ಮರುದಿನ ಇನ್ನೊಂದು ಮನಿಗೆ ಅವಲಕ್ಕಿ ತಿನ್ನಾಕ ಹೊಕ್ಕಿಯೇನಲೇ?’ ಎಂದ. ನನ್ನ ಹೆಂಡತಿ ಒಳಗಿನಿಂದಲೇ ಉತ್ತರ ಕೊಟ್ಟಳು: ‘ಅಣ್ಣಾರ, ಇನ್ನೂ ಎಲಿ-ಅಡಿಕಿ ಆಗಿಲ್ಲ. ಬರೇ ಬೀಗರು ಚಲೋ ಅದಾರ ಅಂದಾರ, ಅಷ್ಟ.’

ಅವಳು ಹಾಗೆ ಅನ್ನಲು ಕಾರಣವಿದೆ. 2020ರ ಮಾರ್ಚ್‌ನಲ್ಲೂ ನನಗೆ ಹೀಗೇ ಒಂದು ‘ಸೆಲೆಕ್ಟ್ ಆಗಿದ್ದೀರಿ’ ಫೋನ್ ಬಂದಿತ್ತು. ಅಂದೇ ಉಳಿದ ಎರಡು ಕಂಪನಿಗಳಿಗೆ ವಿನಯದಿಂದ ಬೇಡ ಎಂದು ಮೇಲ್ ಬರೆದೆ. ಲಾಕ್‌ಡೌನ್ ಆಯಿತು, ಆ ಎಚ್‌ಆರ್ ಫೋನ್ ಎತ್ತುವುದನ್ನೇ ಬಿಟ್ಟರು. ಪುಣ್ಯಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ. ಮನೆ ಸಾಲದ ಮೊದಲ ಕಂತು ಕಟ್ಟಿ ಆಗಿನ್ನೂ ಎರಡು ತಿಂಗಳಾಗಿತ್ತು.

ಆಮೇಲೆ ನಾನೇ ಇಂಟರ್‌ವ್ಯೂ ಮಾಡುವ ಕಡೆ ಕೂತೆ. ‘ಸೆಲೆಕ್ಟ್’ ಎಂಬ ಮಾತು ಎಷ್ಟು ತೆಳು ಎಂಬುದು ಆಗ ತಿಳಿಯಿತು. ನಾನು ‘ಈ ಹುಡುಗ ಆಗಬಹುದು’ ಎಂದು ಬರೆದ ಮೇಲೆ ಸಂಬಳದ ಫೈಲು ಮೇಲಕ್ಕೆ ಹೋಗುತ್ತದೆ. ಆ ಹುದ್ದೆಗೆ ಈ ತ್ರೈಮಾಸಿಕದಲ್ಲಿ ದುಡ್ಡಿದೆಯೇ ಎಂದು ಇನ್ನೊಬ್ಬರು ನೋಡುತ್ತಾರೆ. ಕ್ಲೈಂಟ್ ಪ್ರಾಜೆಕ್ಟ್ ಮುಂದೂಡಿದರೆ ಹುದ್ದೆಯೇ ಮಾಯ. ಇದರ ನಡುವೆ ಎರಡನೇ ಆಯ್ಕೆಯ ಅಭ್ಯರ್ಥಿಯನ್ನೂ ‘ಸ್ವಲ್ಪ ದಿನ ತಡೀರಿ’ ಎಂದು ಬಿಸಿಯಾಗಿಯೇ ಇಟ್ಟಿರುತ್ತಾರೆ. ಹಾಗಿದ್ದ ಮೇಲೆ ನಾವೂ ಎರಡು ಬಾಗಿಲು ತೆರೆದಿಟ್ಟರೆ ತಪ್ಪೇನು?

ಲೆಟರ್ ಬಂದರೂ ನಿಶ್ಚಿಂತೆ ಇಲ್ಲ ಎನ್ನುವುದಕ್ಕೆ ಉದಾಹರಣೆ ಬೇಕಾದಷ್ಟಿವೆ. 2023ರ ಫೆಬ್ರುವರಿಯಲ್ಲಿ ವಿಪ್ರೊ, 6.5 ಲಕ್ಷದ ಆಫರ್ ಪಡೆದು ಕಾಯುತ್ತಿದ್ದ ಹೊಸಬರನ್ನು 3.5 ಲಕ್ಷಕ್ಕೆ ಸೇರುವಿರಾ ಎಂದು ಕೇಳಿತು. 2022ರಲ್ಲಿ ಇನ್ಫೋಸಿಸ್ ಆಫರ್ ಪಡೆದ ಸುಮಾರು 2,000 ಹೊಸ ಎಂಜಿನಿಯರ್‌ಗಳು ಎರಡು ವರ್ಷವಾದರೂ ಸೇರುವ ದಿನಕ್ಕಾಗಿ ಕಾಯುತ್ತಿದ್ದಾರೆಂದು ಪುಣೆಯದೇ ಐಟಿ ನೌಕರರ ಸಂಘಟನೆ ‘ನೈಟ್ಸ್’ 2024ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. (ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದು ಈ ಪುಣೆಯಲ್ಲೇ, ಬೆಂಗಳೂರಿಗೆ ಹೋದದ್ದು 1983ರಲ್ಲಿ. ನಾವು ಉಲ್ಟಾ ಬಂದವರು.) ಒಪ್ಪಿಗೆ ತಿಳಿಸುವ ಮೊದಲು ಪ್ರಸ್ತಾವವನ್ನು ಹಿಂದೆ ಪಡೆಯಬಹುದು ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಬಾಯಿಮಾತಿನ ಆಫರ್‌ಗೆ ನಾನು ಫೋನಿನಲ್ಲಿ ‘ಹೂಂ’ ಅಂದದ್ದನ್ನು ಯಾವ ಕೋರ್ಟಿಗೆ ಒಯ್ದು ತೋರಿಸಲಿ?

ಆದರೆ ಇದರ ಇನ್ನೊಂದು ಮಗ್ಗಲನ್ನೂ ನೋಡಿದ್ದೇನೆ. ಹೋದ ವರ್ಷ ನಮ್ಮ ತಂಡಕ್ಕೆ ಒಬ್ಬನನ್ನು ಆರಿಸಿದೆವು. ಆಫರ್‌ಗೆ ಸಹಿ ಹಾಕಿದ. ನಮ್ಮ ಕ್ಷೇತ್ರದ ಶಾಪವಾದ 90 ದಿನಗಳ ನೋಟಿಸ್ ಪೀರಿಯಡ್ ಅವನಿಗೂ ಇತ್ತು. ಮೂರು ತಿಂಗಳು ಅವನ ಕೆಲಸವನ್ನೂ ನಾವೇ ಹಂಚಿಕೊಂಡು ಮಾಡುತ್ತಾ ಕಾದೆವು. ಸೇರುವ ದಿನ ಬೆಳಿಗ್ಗೆ ಅವನ ಫೋನ್ ಸ್ವಿಚ್ ಆಫ್. ನಮ್ಮ ಆಫರನ್ನು ತೋರಿಸಿ ಬೇರೆಡೆ ಹೆಚ್ಚು ಪಡೆದಿದ್ದನಂತೆ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಎರಡನೇ ಆಯ್ಕೆಯ ಹುಡುಗಿಗೆ ನಾವು ಎಂದೋ ‘ಇಲ್ಲ’ ಎಂದುಬಿಟ್ಟಿದ್ದೆವಲ್ಲ, ಅದು ಚುಚ್ಚಿತು. ಆಕೆ ನಿಜಕ್ಕೂ ಚೆನ್ನಾಗಿದ್ದಳು.

ಹಾಗಾಗಿ ನನ್ನ ಗೆರೆ ಎಲ್ಲಿದೆಯೆಂದರೆ ಸಹಿಯ ಬಳಿ. ಸಹಿ ಹಾಕುವ ತನಕ ಗೊತ್ತಾದ ಇಂಟರ್‌ವ್ಯೂಗಳಿಗೆ ಹೋಗುತ್ತೇನೆ, ಯಾರಾದರೂ ಕೇಳಿದರೆ ‘ಇನ್ನೊಂದು ಕಡೆ ಮಾತು ನಡೆದಿದೆ’ ಎಂದು ಮುಚ್ಚಿಡದೆ ಹೇಳುತ್ತೇನೆ. ಸಹಿ ಹಾಕಿದ ಮೇಲೆ ನಾನಾಗಿ ಎಲ್ಲಿಗೂ ಹೋಗುವುದಿಲ್ಲ. ಆ 90 ದಿನಗಳಲ್ಲಿ ಹೊಸ ಕಂಪನಿಯೇ ಕೈಕೊಟ್ಟರೆ? ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಹೆಂಡತಿಯ ಬಳಿ ಇದೆ: ‘ಗೆರಿ ನೀವು ಹಾಕ್ರಿ, ಕಂತು ನಾ ಕಟ್ಟತೀನಿ.’ ಅವಳ ಸಂಬಳದಲ್ಲಿ ಕಂತು ಕಟ್ಟಿದರೆ ಮನೆ ನಡೆಸಲು ಏನೂ ಉಳಿಯುವುದಿಲ್ಲ, ಅದು ಇಬ್ಬರಿಗೂ ಗೊತ್ತು.

ಅವ್ವನ ಲೆಕ್ಕ ಬೇರೆಯೇ. ಬೆಂಗಳೂರಿನದೂ ಒಂದಿದೆ ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ, ‘ಅದನ್ನ ಹಿಡಿ, ನಮ್ಮ ರಾಜ್ಯಕ್ಕರ ಬಾ’ ಎನ್ನುತ್ತಾಳೆ. ಬೆಳಗಾವಿಗೆ ಪುಣೆಯೇ ಹತ್ತಿರ, ಸ್ವಾರಗೇಟ್‌ನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗಾಗುವುದರೊಳಗೆ ಬರುತ್ತೇನೆ, ಬೆಂಗಳೂರಿಂದ ಇನ್ನೂ ದೂರ ಎಂದರೆ ನಂಬುವುದಿಲ್ಲ.

ಇಂದು ಬೆಳಿಗ್ಗೆ ಖರಾಡಿಯಿಂದ ಮೆಸೇಜ್ ಬಂತು: ‘ಅಪ್ರೂವಲ್ ಇನ್ನೂ ಬಾಕಿ ಇದೆ ಸರ್, ಈ ವಾರದಲ್ಲಿ ಖಂಡಿತ.’ ಹೋದ ವಾರವೂ ಇದೇ ‘ಖಂಡಿತ’ ಇತ್ತು. ರಾತ್ರಿ ಎಂಟಕ್ಕೆ ಬೆಂಗಳೂರಿನವರ ಎರಡನೇ ಸುತ್ತು. ಮಗಳನ್ನು ಪಕ್ಕದ ಮನೆಯ ಕಾಕು ಒಂದು ತಾಸು ನೋಡಿಕೊಳ್ಳುತ್ತಾರಂತೆ. ಹೆಂಡತಿ ಕುಕ್ಕರ್ ಬೇಗ ಇಟ್ಟಿದ್ದಾಳೆ, ನಡುವೆ ಸೀಟಿ ಹೊಡೆಯಬಾರದಲ್ಲ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಕೂತಿದ್ದೇನೆ. ಅವ್ವನ ಫೋನ್ ಬರುವ ಹೊತ್ತೂ ಎಂಟೇ.