ರೋಪ್ ದಪ್ಪ ಮಾಡಿದರೆ ಲಾರಿ ಮೇಲೆ ಬರುವುದಿಲ್ಲ

ಕಬ್ಬಿನ ಹಂಗಾಮಿನಲ್ಲಿ ಒಂದು ಅಕಾಲ ಮಳೆ ಬಿದ್ದರೆ ಸಾಕು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಎರಿ ಹೊಲದಲ್ಲಿ ಕಾರ್ಖಾನೆಗೆ ಹೊರಟ ಲಾರಿ ಹುಗಿದು ಕೂಡುತ್ತದೆ. ಕ್ರೇನ್ ಬರುತ್ತದೆ, ವೈರ್ ರೋಪ್ ಪಟ್ಟೆಂದು ಹರಿಯುತ್ತದೆ. ಸುತ್ತ ನಿಂತವರದು ಒಂದೇ ಮಾತು: "ರೋಪ್ ಸಣ್ಣದಾತು, ದಪ್ಪಂದು ಹಾಕಸ್ರಿ." ಕ್ರೇನಿನವನೂ ಇದನ್ನೇ ನಂಬಿ ವಿಜಯಪುರದ ಅಂಗಡಿಗೆ ಹೋಗುತ್ತಾನೆ. ಈ ನಂಬಿಕೆ ಎಷ್ಟು ಅಪಾಯದ್ದು ಎಂದು ಯಾರೂ ಅವನಿಗೆ ಹೇಳುವುದಿಲ್ಲ.

ಲೆಕ್ಕ ನೋಡಿ. ನಡುವೆ ಉಕ್ಕಿನ ಹುರಿ ಇರುವ, 1770 ಗ್ರೇಡಿನ 16 ಮಿ.ಮೀ. ರೋಪ್ ಹರಿಯುವುದು ಸುಮಾರು 16 ಟನ್ನಿಗೆ. ಅದು ಹರಿಯುವ ಭಾರ, ಎಳೆಯುವ ಭಾರವಲ್ಲ. ಎಳೆಯುವ ಕೆಲಸಕ್ಕೆ ಅದನ್ನು ಮೂರೂವರೆಯಿಂದ ಭಾಗಿಸಬೇಕು. ಉಳಿಯುವುದು ನಾಲ್ಕೂವರೆ ಟನ್. 20 ಮಿ.ಮೀ. ರೋಪ್ ಹಾಕಿದರೂ ಏಳು ಟನ್ ಚಿಲ್ಲರೆ. ಇನ್ನು ಹತ್ತು ಗಾಲಿಯ ಲಾರಿಗೆ 2018ರ ಪರಿಷ್ಕರಣೆಯ ನಂತರ ಕಾನೂನು ಒಪ್ಪುವ ಒಟ್ಟು ತೂಕವೇ 28.5 ಟನ್. ಗಾಲಿ ಹುಗಿದರೆ ಕೆಸರು ಹಿಡಿದಿಡುವ ಬಲ ಹೆಚ್ಚುಕಡಿಮೆ ಗಾಡಿಯ ತೂಕದಷ್ಟು, ಮಡ್‌ಗಾರ್ಡ್ ಮಟ್ಟಕ್ಕೆ ಇಳಿದರೆ ಅದರ ಎರಡು ಪಟ್ಟು ಎಂಬುದು ಅಮೆರಿಕದ ಸೇನೆಯ ರಿಕವರಿ ಲೆಕ್ಕ. ಎರಿ ಮಣ್ಣಿನ ಹಿಡಿತ ಕಂಡವರಿಗೆ ಇದು ಹೆಚ್ಚೆನಿಸದು. ಇಷ್ಟು ಭಾರವನ್ನು ಒಂಟಿ ಎಳೆಯಲ್ಲಿ ತರುವ ರೋಪ್ ಕ್ರೇನಿನ ವಿಂಚಿಗೆ ಕೂಡುವುದೇ ಇಲ್ಲ.

ಕೂಡಿಸಿದರೂ ನಷ್ಟವೇ. ವಿಂಚಿನ ಮೇಲೆ ಬರೆದ ಟನ್ ಡ್ರಮ್ಮಿಗೆ ಸುತ್ತಿದ ರೋಪಿನ ಮೊದಲ ಪದರಕ್ಕೆ ಮಾತ್ರ. ಪದರ ಏರಿದಂತೆ ಎಳೆತ ಇಳಿಯುತ್ತದೆ. ದಪ್ಪ ರೋಪ್ ಬೇಗ ಪದರ ಏರಿಸುತ್ತದೆ, ಉದ್ದ ಕಡಿಮೆ ಹಿಡಿಯುತ್ತದೆ. ಸಣ್ಣ ಡ್ರಮ್ಮಿಗೆ ಅದನ್ನು ಒತ್ತಿ ಬಗ್ಗಿಸಿದಾಗ ಒಳಗಿನ ತಂತಿಗಳು ಒಂದೊಂದಾಗಿ ಮುರಿಯುತ್ತವೆ, ಹೊರಗೆ ಕಾಣುವುದಿಲ್ಲ. ಸಣ್ಣ ರೋಪಿಗೆ ಕೊರೆದ ಪುಲ್ಲಿಯ ತೋಡು ಅದನ್ನು ಹಿಚುಕುತ್ತದೆ. ರೋಪ್ ಗಟ್ಟಿಯಾಯಿತು ಎಂದು ಜೋರಾಗಿ ಎಳೆದರೆ ಹುಕ್ಕೋ, ಶಕಲ್ಲೋ, ಲಾರಿಯ ಚಾಸಿಯ ಕೊಂಡಿಯೋ ಕಿತ್ತು ಬರುತ್ತದೆ. ಹಾರುವ ಹುಕ್ಕು ಹರಿದ ರೋಪಿಗಿಂತ ಮೇಲೇನಲ್ಲ.

ಸರಿಯಾದ ದಾರಿ: ವಿಂಚ್ ತಯಾರಕರು ಹೇಳಿದ ಅಳತೆಯ ರೋಪ್, ಮತ್ತು ಪುಲ್ಲಿ. ಮೊದಲು ಕಬ್ಬು ಇಳಿಸಿ. ಹತ್ತು ಟನ್ನಿನ ಆಸುಪಾಸಿನ ಖಾಲಿ ಲಾರಿಗೆ ಒಂದು ಸ್ನ್ಯಾಚ್ ಬ್ಲಾಕ್ ಪುಲ್ಲಿ, ಕ್ರೇನಿಗೆ ಇನ್ನೊಂದು ಹಾಕಿ, ರೋಪಿನ ತುದಿಯನ್ನು ಲಾರಿಗೆ ಕಟ್ಟಿದರೆ ಭಾರ ಮೂರು ಎಳೆಗೆ ಹಂಚುತ್ತದೆ. ಅದೇ 16 ಮಿ.ಮೀ. ರೋಪ್, ತಿಕ್ಕಾಟಕ್ಕೆ ಹೋದದ್ದು ಬಿಟ್ಟರೂ, ಹನ್ನೆರಡು ಟನ್ನಿನ ಹತ್ತಿರ ಎಳೆಯುತ್ತದೆ. ವೇಗ ಮೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ, ಇಳಿಯಲಿ. ಪುಲ್ಲಿ ಕಟ್ಟಿದ ಜಾಗದ ಮೇಲೆ ಒಂದು ಎಳೆಯ ದುಪ್ಪಟ್ಟು ಭಾರ ಬೀಳುತ್ತದೆ, ಶಕಲ್ ಅದಕ್ಕೆ ತಕ್ಕದ್ದಿರಲಿ.

ಉಳಿದವು ಚುಟುಕಾಗಿ. ಸುಟ್ಟ ಆಯಿಲ್ ರೋಪಿಗೆ ಗ್ರೀಸ್ ಅಲ್ಲ. ಅದರ ಆಮ್ಲ, ಲೋಹದ ಪುಡಿ ತಂತಿಯನ್ನೇ ತಿನ್ನುತ್ತವೆ. ರೋಪಿಗೆ ಗಂಟು ಹಾಕಿದರೆ ಅರ್ಧದಷ್ಟು ಬಲ ಹೋಯಿತೆಂದೇ ತಿಳಿಯಿರಿ. ಸಿಂಥೆಟಿಕ್ ರೋಪ್ "ಪ್ಲಾಸ್ಟಿಕ್" ಎಂದು ಮೂಗು ಮುರಿಯಬೇಡಿ: ಡೈನೀಮಾದಂಥದ್ದು ಅಷ್ಟೇ ದಪ್ಪದ ಉಕ್ಕಿಗಿಂತ ಗಟ್ಟಿ, ತೂಕ ಸುಮಾರು ಏಳರಲ್ಲೊಂದು ಪಾಲು. ಆದರೆ ಕಲ್ಲಿನ ಅಂಚು, ಬಿಸಿ ಸೈಲೆನ್ಸರ್, ಮಣ್ಣಿನ ಹರಳು ಅದರ ವೈರಿಗಳು. ಅದು ಹರಿದರೆ ಹೊಡೆಯುವುದಿಲ್ಲ ಎಂಬುದೂ ಸುಳ್ಳು; ತುದಿಯ ಹುಕ್ಕು ಹಾರುತ್ತದೆ.

"ಹತ್ ಸಲ ಇದೇ ರೋಪಿನ್ಯಾಗ ಎಳದೀವ್ರಿ, ಏನೂ ಆಗಿಲ್ಲ" ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಹತ್ತು ಸಲ ತಡೆದದ್ದು ಗಟ್ಟಿತನದ ಪುರಾವೆಯಲ್ಲ, ಹತ್ತು ಸಲ ಸವೆದ ಲೆಕ್ಕ. ಬೀಜ ಕೊಳ್ಳುವಾಗ ಚೀಲದ ಲೇಬಲ್ ತಿರುವಿ ನೋಡುವ ನಮ್ಮ ಜನ, ಮನುಷ್ಯನ ಜೀವ ನಿಂತ ರೋಪನ್ನು ಹೆಬ್ಬೆರಳಿನಿಂದ ಒತ್ತಿ "ದಪ್ಪೈತಿ" ಎಂದು ಒಪ್ಪಿಕೊಂಡು ಬರುತ್ತಾರೆ. ಅನುಭವಿ ಹೇಳಿದ, ಅಂಗಡಿಯವ ಹೇಳಿದ, ಮುಗಿಯಿತು, ಕಾಗದ ಕೇಳುವವರಿಲ್ಲ.

ಕೇಳಿ. ಹರಿಯುವ ಭಾರ ಬರೆದ ಟೆಸ್ಟ್ ಸರ್ಟಿಫಿಕೇಟ್ ಇಲ್ಲದ ರೋಪ್ ಕೊಳ್ಳಬೇಡಿ. ಎಳೆಯುವಾಗ ಚಾಚಿದ ರೋಪಿನ ಉದ್ದಕ್ಕಿಂತ ಹೆಚ್ಚು ದೂರ ಜನರನ್ನು ನಿಲ್ಲಿಸಿ, ಮಕ್ಕಳನ್ನು ಹೊಲದಿಂದಲೇ ಆಚೆ ಕಳಿಸಿ.