ಹೊಳಪು ಕಳೆಯುವ ಹಾಳೆ ಅಕ್ಷರವನ್ನು ತಿಳಿಯಾಗಿಸುವುದೆ?

ಮುಟ್ಟಿದರೆ ಪುಟ ತಿರುಗುವ ಇ-ರೀಡರ್ ಇಂದು ಅನೇಕ ಮನೆಗಳಲ್ಲಿ ಹಿರಿಯರ ಕೈಸೇರಿದೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದೆಂಬುದೇ ಅವರಿಗೆ ಅದರ ಪರಮೋಪಕಾರ. ಆದರೆ ತಲೆಯ ಮೇಲಿನ ದೀಪವು ಪರದೆಯಲ್ಲಿ ಮೂಡಿತೆಂದರೆ ಓದು ನಿಂತಿತು. ಆಗ ಮನೆಯ ಕಿರಿಯರು ‘ಆಂಟಿ-ಗ್ಲೇರ್’ ಹಾಳೆಯೊಂದನ್ನು ತಂದು ಅಂಟಿಸುತ್ತಾರೆ. ಇದರಿಂದ ಅಕ್ಷರ ನಿಜವಾಗಿಯೂ ಸ್ಫುಟವಾಗುತ್ತದೆಯೆ?

ಈ ಪರದೆಯ ಒಳಗಿರುವುದು ಅತಿ ಸೂಕ್ಷ್ಮವಾದ ಗುಳಿಗೆಗಳು. ಒಂದೊಂದರಲ್ಲಿಯೂ ಬಿಳಿಯ ಮತ್ತು ಕರಿಯ ಕಣಗಳು. ವಿದ್ಯುತ್ತಿನ ಸೆಳೆತಕ್ಕೆ ಯಾವ ಕಣಗಳು ಮೇಲೆ ಬರುವುವೋ ಆ ಬಣ್ಣ ನಮಗೆ ಕಾಣುತ್ತದೆ. ಕಾಗದದಂತೆ ಇದೂ ಬಿದ್ದ ಬೆಳಕನ್ನು ಮರಳಿಸಿ ಓದಿಸುವ ವಸ್ತು. ಮೇಲೆ ಏನನ್ನು ಹೊದಿಸಿದರೂ ಬೆಳಕು ಅದನ್ನು ಎರಡು ಬಾರಿ ದಾಟಬೇಕು. ಬರಿಯ ಈ ನಷ್ಟದಿಂದ ಕಪ್ಪು ಬಿಳುಪುಗಳ ಅಂತರವೇನೂ ಕೆಡದು. ಎರಡೂ ಒಂದೇ ಪ್ರಮಾಣದಲ್ಲಿ ಮಂಕಾಗುತ್ತವೆ.

ಕೆಡಿಸುವುದು ಹಾಳೆಯ ತರಿತರಿಯಾದ ಮೈ. ದೀಪದ ಪ್ರತಿಬಿಂಬವನ್ನು ಅದು ಅಳಿಸುವುದಿಲ್ಲ. ಒಡೆದು ಸುತ್ತಲೂ ಚೆಲ್ಲುತ್ತದೆ. ಬಿದ್ದ ಬೆಳಕು 100 ಎಂದಾದರೆ ಬಿಳಿಯ ಭಾಗ 40ನ್ನೂ ಕರಿಯ ಭಾಗ 4ನ್ನೂ ಮರಳಿಸುತ್ತವೆಂದು ಇಟ್ಟುಕೊಳ್ಳೋಣ. ಅಂತರ 10ಕ್ಕೆ 1. ಚೆಲ್ಲಿದ ಬೆಳಕು ಎರಡಕ್ಕೂ 2ನ್ನು ಕೂಡಿಸಿತೆನ್ನಿ: 42 ಮತ್ತು 6. ಅಂತರ 7ಕ್ಕೆ 1ಕ್ಕೆ ಇಳಿಯಿತು! ವಯಸ್ಸಾದ ಕಣ್ಣಿಗೆ ಈ ಇಳಿತ ಮೊದಲು ತಟ್ಟುತ್ತದೆ.

ಸೋನಿ ಕಂಪನಿಯವರು 2008ರಲ್ಲಿ ತಂದ ಪಿಆರ್‌ಎಸ್-700 ಎಂಬ ಯಂತ್ರದಲ್ಲಿ ಸ್ಪರ್ಶವನ್ನರಿಯುವ ಪದರವನ್ನು ಪರದೆಯ ಮೇಲೆಯೇ ಹೊದಿಸಿದ್ದರು. ಅಕ್ಷರ ಮಂಕು, ಹೊಳಪು ಹೆಚ್ಚು ಎಂಬ ದೂರು ಬಂದಿತು. 2010ರ ಯಂತ್ರಗಳಲ್ಲಿ ಆ ಪದರವನ್ನು ತೆಗೆದು, ಅಂಚಿನಿಂದ ಅವಗೆಂಪು ಕಿರಣಗಳನ್ನು ಹಾಯಿಸಿ ಬೆರಳನ್ನು ಗುರುತಿಸುವ ಏರ್ಪಾಡು ಮಾಡಿದರು. ತಯಾರಕರು ಶ್ರಮಪಟ್ಟು ಕಳೆದ ಪದರಕ್ಕೆ ಬದಲು ನಾವು ಹಣ ತೆತ್ತು ಇನ್ನೊಂದನ್ನು ಅಂಟಿಸುವುದು ಸೋಜಿಗವಲ್ಲವೆ?

ಹಾಗೆಂದು ಹಾಳೆ ನಿಷ್ಪ್ರಯೋಜಕವೆನ್ನಲಾಗದು. ಮುಂಭಾಗದಲ್ಲಿ ನುಣುಪು ಗಾಜಿರುವ ಯಂತ್ರಗಳಲ್ಲಿ ದೀಪದ ಬಿಂಬ ಸಾಲಿನ ಮೇಲೆಯೇ ಬಿದ್ದಾಗ ಅಲ್ಲಿ ಅಕ್ಷರವೇ ಕಾಣದು. ಬಿಂಬವನ್ನು ಚೆಲ್ಲಿದರೆ ಓದಲಾದರೂ ಆಗುತ್ತದೆ. ಕುರ್ಚಿಯನ್ನು ಕೊಂಚ ತಿರುಗಿಸಿದರೂ ಅದೇ ಫಲ, ಖರ್ಚಿಲ್ಲದೆ. ಕನ್ನಡಕದ ಗಾಜಿಗೆ ಹಚ್ಚುವ ಪ್ರತಿಫಲನ-ನಿರೋಧಕ ಲೇಪದ ಮಾತೇ ಬೇರೆ. ಅದು ಬೆಳಕನ್ನು ಚೆಲ್ಲದೆ, ಅಲೆಗೆ ಅಲೆಯನ್ನು ಎದುರು ನಿಲ್ಲಿಸಿ ಪ್ರತಿಬಿಂಬವನ್ನೇ ಕುಗ್ಗಿಸುವುದರಿಂದ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು ಹೇಳಿಯಾರು, ಜೋಕೆ. ಹಾಳೆಯನ್ನು ಪರದೆಯ ಅರ್ಧಕ್ಕೆ ಮಾತ್ರ ಹಿಡಿದು, ಕಿಟಕಿಯ ಬಳಿ ಕುಳಿತು ಹಿರಿಯರಿಗೇ ತೋರಿಸಿ. ಯಾವ ಅರ್ಧದ ಕಪ್ಪು ಬೂದಿಬಣ್ಣಕ್ಕೆ ತಿರುಗಿದೆಯೆಂದು ಅವರೇ ಹೇಳುತ್ತಾರೆ.